ಅಂಗಾಲಿನ ನಕಾಶೆ

ಬ್ಯಾಂಕಾಕಿನ ವಾಟ್ ಫೋ ದೇಗುಲದಲ್ಲಿ ಮಲಗಿದ ಬುದ್ಧನ ದರ್ಶನ ತಲೆಯಿಂದ ಆರಂಭವಾಗಿ ಕಾಲಿನಲ್ಲಿ ಮುಗಿಯುತ್ತದೆ. 46 ಮೀಟರ್ ಉದ್ದ, 15 ಮೀಟರ್ ಎತ್ತರದ, ಚಿನ್ನದ ರೇಕು ಹೊದ್ದ ಮೂರ್ತಿ. ಗುಡಿಯನ್ನು ಮೂರ್ತಿಯ ಅಳತೆಗೇ ಹೊಲಿಸಿದಂತಿದೆ. ಹಿಂದೆ ಸರಿದು ಇಡಿಯಾಗಿ ನೋಡೋಣವೆಂದರೆ ಬೆನ್ನಿಗೆ ಗೋಡೆ ತಾಗುತ್ತದೆ. ಹಾಗಾಗಿ ಕಂಬಗಳ ಸಂದಿನಲ್ಲಿ ಒಮ್ಮೆ ಮುಖ, ಒಮ್ಮೆ ತೋಳು, ಒಮ್ಮೆ ಮೊಣಕಾಲು ಎಂದು ಕಂತುಕಂತಾಗಿ ನೋಡುತ್ತ ಜನ ಮುಂದೆ ಸಾಗುತ್ತಾರೆ. ತುದಿಯಲ್ಲಿ ಎದುರಾಗುವುದು ಸಮನಾಗಿ ಜೋಡಿಸಿಟ್ಟ ಎರಡು ಅಂಗಾಲು. ಆಳೆತ್ತರವನ್ನು ಮೀರಿದ ಈ ಅಂಗಾಲುಗಳ ಕಪ್ಪು ಹಾಸಿನ ಮೇಲೆ ಮುತ್ತಿನ ಚಿಪ್ಪನ್ನು ಕೂರಿಸಿ 108 ಮಂಗಳಚಿಹ್ನೆಗಳನ್ನು ಬಿಡಿಸಿದ್ದಾರೆ. ನಟ್ಟನಡುವೆ ಒಂದು ಚಕ್ರ. ಮೈಸೂರಿನ ಬೀಟೆಮರದ ಕೆತ್ತು ಕೆಲಸವನ್ನು ಹತ್ತಿರದಿಂದ ಕಂಡವರು ಈ ಕಾಲಿನ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಥಾಯ್ ಜನರಿಗೆ ತಲೆ ದೇಹದ ಅತಿ ಪವಿತ್ರ ಭಾಗ, ಕಾಲು ಅತಿ ಕೀಳು. ಮಕ್ಕಳ ತಲೆ ಸವರುವುದು ಕೂಡ ಅವರಿಗೆ ಒಗ್ಗದು. ಬುದ್ಧನ ಮುಂದೆ ಕಾಲು ಚಾಚಿ ಕೂತರೆ ಯಾರಾದರೂ ಬಂದು ಮೆಲ್ಲಗೆ ಮಡಚಿಸುತ್ತಾರೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಊರಿನಲ್ಲೇ ಬೀದಿಗೆ ಹತ್ತಾರು ಅಂಗಡಿ. ಗುರುತು ಪರಿಚಯವಿಲ್ಲದ ಪರದೇಶಿಯ ಧೂಳುಗಾಲನ್ನು ತೊಳೆದು, ತೊಡೆಯ ಮೇಲಿಟ್ಟುಕೊಂಡು ಒಂದು ತಾಸು ಒತ್ತಿ ಕಳಿಸುವ ಹೆಂಗಸರು. ಕನ್ನಡನಾಡಿನಿಂದ ತಂಡ ಕಟ್ಟಿಕೊಂಡು ಬರುವ ಹಿರಿಯರಲ್ಲಿ ಇದರ ಬಗ್ಗೆ ಕುತೂಹಲವೂ ಉಂಟು, ಸಂಕೋಚವೂ ಉಂಟು. 'ಬೇಡ ಕಣ್ರೀ, ಇನ್ನೊಬ್ಬರ ಕೈಲಿ ಕಾಲು ಮುಟ್ಟಿಸಿಕೊಳ್ಳೋದು ಒಂಥರಾ' ಎಂದು ಗಂಡನಿಗೆ ಹೇಳಿ ಹೊರಗಿನ ಬೆಂಚಿನ ಮೇಲೆ ಕೂರುವವರು ಇದ್ದೇ ಇರುತ್ತಾರೆ. ಬ್ಯಾಂಕಾಕಿನ 'ಮಸಾಜ್' ಎಂಬ ಮಾತಿಗೆ ನಮ್ಮಲ್ಲಿ ಅಂಟಿಕೊಂಡಿರುವ ಇನ್ನೊಂದು ಅರ್ಥವೂ ಈ ಸಂಕೋಚಕ್ಕೆ ಕಾರಣ. ಆದರೆ ಪಾದದ ಅಂಗಡಿಗಳು ಆ ಜಾತಿಯವಲ್ಲ. ಬೀದಿಗೆ ಕಾಣುವ ಗಾಜಿನ ಹಿಂದೆ, ಸಾಲು ಕುರ್ಚಿಗಳಲ್ಲಿ ಅಜ್ಜ ಅಜ್ಜಿ ಮೊಮ್ಮಗ ಒಟ್ಟಿಗೆ ಕೂತು ಕಾಲು ಒತ್ತಿಸಿಕೊಳ್ಳುವ ಜಾಗ ಅದು.

ಕಲ್ಲಿನ ಮೇಲಿನ ಪಾಠ

ವಾಟ್ ಫೋ ಎಂಬ ಹೆಸರು ಬಂದದ್ದು ಬೋಧಿಯಿಂದ. ಆಯುತ್ಥಯದ ಕಾಲದ ಹಳೆಯ ಗುಡಿಯನ್ನು ಒಂದನೆಯ ರಾಮ ದೊರೆ 1788ರಲ್ಲಿ ಹೊಸದಾಗಿ ಕಟ್ಟಿಸತೊಡಗಿದ. ಮೂರನೆಯ ರಾಮ 1832ರಿಂದ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ವಿಸ್ತರಿಸಿದ. ಮಲಗಿದ ಬುದ್ಧ ಅವನ ಕಾಲದ್ದೇ. ಈ ದೊರೆಗೆ ಒಂದು ಚಿಂತೆ ಇತ್ತು: ತಾಳೆಗರಿಯ ಗ್ರಂಥಗಳು ಹುಳು ಹಿಡಿದು ಹೋದರೆ ನಾಡಿನ ವಿದ್ಯೆ ಉಳಿಯುವುದು ಹೇಗೆ? ಆದ್ದರಿಂದ ವೈದ್ಯ, ಕಾವ್ಯ, ಇತಿಹಾಸ, ಧರ್ಮ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ಗುಡಿಯ ಗೋಡೆ, ಕಂಬ, ಮಂಟಪಗಳಲ್ಲಿ ಕೂರಿಸಿದ. ಓದು ಬಲ್ಲ ಯಾರೇ ಬಂದರೂ ಕಲಿಯಬಹುದಿತ್ತು. ಥಾಯ್ ಜನ ವಾಟ್ ಫೋವನ್ನು ತಮ್ಮ ಮೊದಲ ವಿಶ್ವವಿದ್ಯಾಲಯ ಎನ್ನುವುದು ಇದಕ್ಕೇ. ಇಲ್ಲಿಯ 1,440 ಶಾಸನಗಳನ್ನು ಯುನೆಸ್ಕೋ 2011ರಲ್ಲಿ ಜಗತ್ತಿನ ನೆನಪುಗಳ ಪಟ್ಟಿಗೆ ಸೇರಿಸಿತು.

ಇವುಗಳಲ್ಲಿ ಅರವತ್ತು ಫಲಕಗಳು ಅಂಗಮರ್ದನಕ್ಕೆ ಮೀಸಲು. ಅರ್ಧದಲ್ಲಿ ಮನುಷ್ಯನ ಮುಂಭಾಗ, ಅರ್ಧದಲ್ಲಿ ಹಿಂಭಾಗ. ಆ ಆಕೃತಿಗಳ ಮೇಲೆ ಹೊಕ್ಕುಳಿನ ಸುತ್ತಲಿಂದ ಹೊರಟು ಕೈಕಾಲಿಗೆ ಹರಿಯುವ ಗೆರೆಗಳು, ಗೆರೆಗಳ ಮೇಲೆ ಒತ್ತಬೇಕಾದ ಬಿಂದುಗಳು, ಪಕ್ಕದಲ್ಲಿ ಯಾವ ಬಿಂದು ಯಾವ ಬಾಧೆಗೆ ಎಂಬ ಒಕ್ಕಣೆ. ಥಾಯ್ ವೈದ್ಯರು ಈ ಗೆರೆಗಳನ್ನು ಸೆನ್ ಎನ್ನುತ್ತಾರೆ. ಮುಖ್ಯವಾದವು ಹತ್ತು, ಒಟ್ಟು 72,000. ಮೊದಲ ಮೂರರ ಹೆಸರು ಇತ್ಥಾ, ಪಿಂಗ್‌ಖಲಾ, ಸುಮನಾ. ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳ ಹೆಸರು ಕೇಳಿ ಬೆಳೆದವರಿಗೆ ಇಲ್ಲಿ ನಗು ಬರುತ್ತದೆ. ಸಮುದ್ರ ದಾಟಿ ಬಂದರೂ ಮನೆಯ ಪಾತ್ರೆಯೇ ಕೈಗೆ ಸಿಕ್ಕಂತೆ. ಇಲ್ಲಿನ ವೈದ್ಯಪರಂಪರೆಯ ಮೂಲಗುರು ಎಂದು ಥಾಯ್ ಜನ ಪೂಜಿಸುವುದು ಬುದ್ಧನ ಕಾಲದ ವೈದ್ಯ ಜೀವಕನನ್ನು. ಅವರ ಬಾಯಲ್ಲಿ ಅವನು ಮೋ ಚಿವೋಕ್. ಕಲ್ಲಿನ ಪುಟ್ಟ ಗುಡ್ಡಗಳ ಮೇಲೆ ಮೈ ತಿರುಚಿ ಕೂತ, ನಿಂತ ಋಷಿಗಳ ಲೋಹದ ಮೂರ್ತಿಗಳೂ ಇವೆ. ಇವನ್ನು 'ರುಸಿ ದತ್ತೋನ್' ಎನ್ನುತ್ತಾರೆ. 'ರುಸಿ' ಎಂದರೆ ನಮ್ಮ ಋಷಿಯೇ. ಮೂರನೆಯ ರಾಮನ ಕಾಲದಲ್ಲಿ ಎಂಬತ್ತರಷ್ಟು ಇದ್ದವು. ಈಗ ಉಳಿದಿರುವುದು ಅದರಲ್ಲಿ ಒಂದು ಪಾಲು ಮಾತ್ರ.

ಪ್ರವಾಸಿಗರು ಸಾಮಾನ್ಯವಾಗಿ ಈ ಫಲಕಗಳನ್ನು ನೋಡಿ, ಮರುಕ್ಷಣ ಅಂಗಡಿಯ ಗೋಡೆಯ ಮೇಲಿನ ಪಾದದ ಬಣ್ಣದ ಚಿತ್ರವನ್ನೂ ನೋಡಿ, ಎರಡೂ ಒಂದೇ ಎಂದು ತಿಳಿದುಬಿಡುತ್ತಾರೆ. ಅಂಗಡಿಯವರೂ ತಿದ್ದಲು ಹೋಗುವುದಿಲ್ಲ. ಆದರೆ ಹೆಬ್ಬೆರಳಿನಲ್ಲಿ ಮಿದುಳು, ಅಂಗಾಲಿನ ನಡುವೆ ಮೂತ್ರಪಿಂಡ, ಹಿಮ್ಮಡಿಯಲ್ಲಿ ಸೊಂಟ ಎಂದು ಬಣ್ಣ ಬಳಿದ ಆ ನಕಾಶೆ ವಾಟ್ ಫೋದ ಕಲ್ಲಿನಿಂದ ಇಳಿದದ್ದಲ್ಲ. ಅದು ಬೇರೆ ದಾರಿಯಲ್ಲಿ ಬಂದ ನೆಂಟ. ಆ ದಾರಿಯ ಮಾತಿಗೆ ಮೊದಲು ಕುರ್ಚಿಯಲ್ಲಿ ಕೂತವನಿಗೆ ಏನಾಗುತ್ತದೆ ಎಂಬುದನ್ನು ನೋಡುವುದು ಮೇಲು.

ಕುರ್ಚಿಯ ಮೇಲೆ ಒಂದು ತಾಸು

ದೇಗುಲದ ಆವರಣದಲ್ಲೇ, ಪೂರ್ವದ ಕಡೆ, ಮಸಾಜ್ ಮಂಟಪಗಳಿವೆ. 1955ರಲ್ಲಿ ಇಲ್ಲಿ ಆರಂಭವಾದ ಸಾಂಪ್ರದಾಯಿಕ ವೈದ್ಯಶಾಲೆಗೆ ಸೇರಿದವು. ಹೊರಗಿನ ಬೀದಿಯ ಅಂಗಡಿಗಳಿಗಿಂತ ಬೆಲೆ ತುಸು ಹೆಚ್ಚು, ಕಾಯುವ ಸರದಿಯೂ ಉದ್ದ. ಚೀಟಿ ತೆಗೆದುಕೊಂಡು ಕೂತರೆ ಮೊದಲು ಕಾಲು ತೊಳೆಯುತ್ತಾರೆ. ಉಗುರು ಬೆಚ್ಚನೆಯ ನೀರು, ಕೆಲವೆಡೆ ಅದರಲ್ಲಿ ನಿಂಬೆಯ ಹೋಳು. ಪ್ಯಾಂಟನ್ನು ಮಂಡಿಯ ತನಕ ಸುತ್ತಬೇಕು. ಬಿಗಿ ಜೀನ್ಸ್ ತೊಟ್ಟು ಬಂದವರು ಅಲ್ಲೇ ಕೊಡುವ ದೊಗಳೆ ಷರಾಯಿಗೆ ಬದಲಾಗಬೇಕು. ಸೀರೆ ಉಟ್ಟವರಿಗೆ ತೊಂದರೆಯೇನೂ ಇಲ್ಲ, ಮೇಲೊಂದು ಟವೆಲು ಹೊದಿಸುತ್ತಾರೆ. ಒರಗು ಕುರ್ಚಿಯಲ್ಲಿ ಅರ್ಧ ಮಲಗಿದ ಮೇಲೆ ಒಂದು ಕಾಲನ್ನು ಟವೆಲಿನಲ್ಲಿ ಸುತ್ತಿಟ್ಟು ಇನ್ನೊಂದಕ್ಕೆ ಕೆನೆ ಸವರುತ್ತಾರೆ. ಕರ್ಪೂರ, ಪುದೀನ ಸತ್ವದ ವಾಸನೆ ಮೂಗಿಗೆ ಹತ್ತುತ್ತದೆ.

ಮೊದಲ ಹತ್ತು ನಿಮಿಷ ಎಲ್ಲರಿಗೂ ಹಿತ. ಅಂಗೈಯಿಂದ ಸವರುವುದು, ಬೆರಳುಗಳನ್ನು ಒಂದೊಂದಾಗಿ ಎಳೆಯುವುದು, ಹಿಮ್ಮಡಿಯನ್ನು ಮುಷ್ಟಿಯಲ್ಲಿ ಹಿಂಡುವುದು. ಆಮೇಲೆ ಹೆಬ್ಬೆರಳು ಮತ್ತು ಮಡಚಿದ ಬೆರಳಿನ ಗೆಣ್ಣು ಅಂಗಾಲಿಗೆ ಇಳಿಯುತ್ತವೆ. ಅದೂ ಸಾಲದೆಂದು ಪೆನ್ಸಿಲಿನಷ್ಟು ದಪ್ಪದ, ತುದಿ ಉರುಟಾದ ಮರದ ಕಡ್ಡಿಯೊಂದು ಹೊರಬರುತ್ತದೆ. ಕಡ್ಡಿಯ ತುದಿ ಬೆರಳ ಸಂದಿಯಲ್ಲಿ, ಉಬ್ಬಿದ ಮುಂಗಾಲಿನ ಕೆಳಗೆ, ಒಳಬದಿಯ ಕಮಾನಿನುದ್ದಕ್ಕೂ ಓಡುತ್ತದೆ. ಒಳ್ಳೆ ನಿದ್ದೆಯಲ್ಲಿದ್ದ ಗಂಡಸರು ಕುರ್ಚಿಯಿಂದ ಅರ್ಧ ಎದ್ದು ಕೂರುವುದು ಇಲ್ಲೇ. 'ಜೆಪ್ ಮಯ್?' ಎಂದು ಆಕೆ ಕೇಳುತ್ತಾಳೆ. ನೋವಾಯಿತೇ ಎಂದು ಅರ್ಥ. 'ಬಾವ್ ಬಾವ್' ಎಂದರೆ ಮೆಲ್ಲಗೆ ಎಂದು. ಥಾಯ್ ಭಾಷೆಯಲ್ಲಿ ಈ ಎರಡು ಮಾತು ಬಂದರೆ ಅಂದಿನ ಮಟ್ಟಿಗೆ ಸಾಕು. ನೋವಾದಷ್ಟೂ ಗುಣ ಹೆಚ್ಚು ಎಂದು ಹಲ್ಲು ಕಚ್ಚಿ ಕೂರುವ ಹಟ ನಮ್ಮವರಲ್ಲಿ ಬಹಳ. ಅದಕ್ಕೆ ಯಾವ ಆಧಾರವೂ ಇಲ್ಲ. ಒತ್ತಡ ತಡೆಯುವಷ್ಟಿರಬೇಕು, ಅಷ್ಟೇ.

ಪಾದ ಮುಗಿದ ಮೇಲೆ ಮೀನಖಂಡ, ಮಂಡಿಯ ಸುತ್ತ. ಮುಷ್ಟಿಯಿಂದ ಪಟಪಟನೆ ಬಡಿತ. ಆಮೇಲೆ ಇನ್ನೊಂದು ಕಾಲು. ಕಡೆಯ ಐದು ನಿಮಿಷ ಹೆಗಲು, ಕುತ್ತಿಗೆ. ಎದ್ದಾಗ ಒಂದು ಲೋಟ ಬಿಸಿ ಚಹಾ ಅಥವಾ ನೀರು. ಮೊದಲ ನಾಲ್ಕು ಹೆಜ್ಜೆ ಯಾರದೋ ಕಾಲಿನಲ್ಲಿ ನಡೆದಂತಿರುತ್ತದೆ. ಮೈ ಹಗುರ, ಕಣ್ಣು ಭಾರ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು ಎನ್ನುವವರು ಹೆಚ್ಚು. ಮಾರನೆಯ ದಿನ ಅಂಗಾಲಿನಲ್ಲಿ, ಮೀನಖಂಡದಲ್ಲಿ ಕೊಂಚ ನೋವು ಉಳಿದಿದ್ದರೆ ಗಾಬರಿ ಬೇಡ, ರೂಢಿಯಿಲ್ಲದ ಸ್ನಾಯುವನ್ನು ಹಿಂಡಿದರೆ ಹಾಗಾಗುತ್ತದೆ. 'ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ' ಎಂದು ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಬಹುದು. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ; ಅಂಗಾಲಿನಲ್ಲಿ ಮೋರಿಯಿಲ್ಲ.

ಕೆಲವು ಕಡೆ ಇಷ್ಟಕ್ಕೇ ನಿಲ್ಲುವುದಿಲ್ಲ. ಕಡ್ಡಿ ಒತ್ತಿದಲ್ಲಿ ಗಿರಾಕಿ ಮುಖ ಕಿವುಚಿದರೆ ಗೋಡೆಯ ನಕಾಶೆಯತ್ತ ಬೆರಳು ಮಾಡಿ, ಇಲ್ಲಿ ನಿಮ್ಮ ಹೊಟ್ಟೆ ಸರಿಯಿಲ್ಲ, ಇಲ್ಲಿ ನಿದ್ದೆ ಸಾಲದು, ಇಲ್ಲಿ ಮೂತ್ರಪಿಂಡ ಸೊರಗಿದೆ ಎಂದು ಹೇಳುವುದುಂಟು. ಪ್ರವಾಸಕ್ಕೆ ಬಂದವನ ಹೊಟ್ಟೆ ಸರಿಯಿಲ್ಲ, ನಿದ್ದೆ ಸಾಲದು ಎಂದು ಹೇಳಲು ಅಂಗಾಲು ನೋಡಬೇಕಾಗಿಲ್ಲ ಎಂಬುದು ಬೇರೆ ಮಾತು. ಆದರೆ ಮೂತ್ರಪಿಂಡದ ಮಾತು ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಈ ನಕಾಶೆ ಎಲ್ಲಿಂದ ಬಂತು ಎಂದು ಕೇಳಬೇಕಾಗುವುದು ಅದಕ್ಕೇ.

ಹಾರ್ಟ್‌ಫರ್ಡಿನಿಂದ ತೈವಾನಿಗೆ

ಪಾದಚಿಕಿತ್ಸೆಯವರು ತಮ್ಮ ವಿದ್ಯೆಯನ್ನು ಈಜಿಪ್ಟಿನ ಸಕ್ಕಾರಾದ ಅಂಖ್‌ಮಹೋರನ ಸಮಾಧಿಯವರೆಗೆ ಒಯ್ಯುತ್ತಾರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಆ ಗೋಡೆಯ ಉಬ್ಬುಚಿತ್ರದಲ್ಲಿ ಕೆಲವರು ಬೇರೆಯವರ ಕೈಕಾಲು ಹಿಡಿದು ಕೂತಿರುವುದು ನಿಜ. ಅದು ಚಿಕಿತ್ಸೆಯೋ, ಉಗುರು ತೆಗೆಯುವ ಕೆಲಸವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಾಲು ಒತ್ತಿದರೆ ಹಿತ ಎಂಬುದನ್ನು ಕಂಡುಕೊಳ್ಳಲು ಈಜಿಪ್ಟಿಗೇ ಹೋಗಬೇಕಾಗಿಯೂ ಇಲ್ಲ. ವಾಗ್ಭಟನ ಅಷ್ಟಾಂಗಹೃದಯ ದಿನವೂ ಎಣ್ಣೆ ತಿಕ್ಕಿಕೊಳ್ಳಬೇಕೆಂದು ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ಒತ್ತಿ ಹೇಳುತ್ತದೆ. ಹೊಲದಿಂದ ಬಂದ ಅಜ್ಜನ ಕಾಲು ಒತ್ತಿ ಕಾಸು ಗಿಟ್ಟಿಸಿಕೊಂಡ ಮೊಮ್ಮಕ್ಕಳು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು.

ಆದರೆ ಅಂಗಾಲಿನಲ್ಲಿ ಅಂಗಾಂಗಗಳ ನಕಾಶೆ ಎಂಬ ಕಲ್ಪನೆ ಇಪ್ಪತ್ತನೆಯ ಶತಮಾನದ ಅಮೆರಿಕದ್ದು. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ವಿಲಿಯಂ ಫಿಟ್ಸ್‌ಜೆರಾಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರಿದ್ದರು. ದೇಹದ ಕೆಲವು ಕಡೆ ಬಿಗಿಯಾಗಿ ಒತ್ತಿದರೆ ಬೇರೆಡೆಯ ನೋವು ಮಂಕಾಗುತ್ತದೆ ಎಂದು ಅವರಿಗೆ ತೋರಿತು. ತಲೆಯಿಂದ ಕಾಲ್ಬೆರಳ ತನಕ ಮೈಯನ್ನು ಉದ್ದುದ್ದಕ್ಕೆ ಹತ್ತು ಪಟ್ಟಿಗಳಾಗಿ ಹಂಚಿ, ಬೆರಳುಗಳಿಗೆ ರಬ್ಬರ್ ಬ್ಯಾಂಡು, ಕ್ಲಿಪ್ಪು ಹಾಕಿ ಪ್ರಯೋಗ ಮಾಡಿದರು. ಹಲ್ಲುನೋವಿಗೆ ಕಾಲ್ಬೆರಳು ಹಿಚುಕಿರಿ ಎಂಬ ಅರ್ಥದ ತಲೆಬರಹ ಹೊತ್ತ ಲೇಖನ ಅಲ್ಲಿನ ಒಂದು ಜನಪ್ರಿಯ ಪತ್ರಿಕೆಯಲ್ಲಿ 1915ರಲ್ಲಿ ಬಂತು. 1917ರಲ್ಲಿ ಪುಸ್ತಕವೂ ಹೊರಬಿತ್ತು. ಥಾಯ್ ಸೆನ್ ಹತ್ತು, ಅಮೆರಿಕದ ಪಟ್ಟಿಯೂ ಹತ್ತು. ಮನುಷ್ಯನಿಗೆ ಬೆರಳು ಹತ್ತು ಎಂಬುದನ್ನು ಬಿಟ್ಟರೆ ಇದರಲ್ಲಿ ಬೇರೆ ರಹಸ್ಯವಿರಲಾರದು.

ಮೈಯ ಪಟ್ಟಿಗಳನ್ನು ಪಾದಕ್ಕೆ ಇಳಿಸಿದವರು ಯೂನಿಸ್ ಇಂಗ್ಹಾಂ ಎಂಬ ಮಹಿಳೆ. 1930ರ ದಶಕದಲ್ಲಿ ರೋಗಿಗಳ ಅಂಗಾಲನ್ನು ಅಂಗುಲ ಅಂಗುಲವಾಗಿ ಒತ್ತಿ, ಎಲ್ಲಿ ಒತ್ತಿದರೆ ಯಾರಿಗೆ ನೋವು, ಅವರಿಗೆ ಇರುವ ಕಾಯಿಲೆ ಯಾವುದು ಎಂದು ಹೊಂದಿಸುತ್ತ ಹೋದರು. ಬಲಗಾಲಿನಲ್ಲಿ ಯಕೃತ್ತು, ಎಡಗಾಲಿನಲ್ಲಿ ಹೃದಯ, ಒಳಬದಿಯ ಅಂಚಿನುದ್ದಕ್ಕೂ ಬೆನ್ನುಹುರಿ. 1938ರಲ್ಲಿ ಬಂದ ಅವರ ಪುಸ್ತಕದ ಹೆಸರಿಗೆ ಪಾದಗಳು ಹೇಳಬಲ್ಲ ಕಥೆಗಳು ಎಂದು ಅರ್ಥ. ಅಂಗಾಲಿನ ನರತುದಿಗಳಲ್ಲಿ ಹರಳುಗಳು ಕಟ್ಟಿಕೊಳ್ಳುತ್ತವೆ, ಅವನ್ನು ಪುಡಿ ಮಾಡಬೇಕು ಎಂಬುದೂ ಅವರ ವಾದ. ಇವತ್ತಿಗೂ ಬ್ಯಾಂಕಾಕಿನ ಹೆಂಗಸು ಬೆರಳ ಕೆಳಗೆ ಏನೋ ಕಟಕಟ ಎಂದರೆ 'ನೋಡಿ, ಹರಳು' ಎನ್ನುವುದು ಆ ಅಮೆರಿಕದ ಅಜ್ಜಿಯ ಮಾತನ್ನೇ. ಅಂಥ ಹರಳುಗಳನ್ನು ವೈದ್ಯಶಾಸ್ತ್ರ ಕಂಡಿಲ್ಲ. ಪಾದದಲ್ಲಿ 26 ಮೂಳೆಗಳಿವೆ, ಅವನ್ನು ಬಿಗಿದ ನಾರುಗಳಿವೆ. ಒತ್ತಿದರೆ ಸದ್ದು ಬರುವುದು ಸಹಜ.

ಈ ನಕಾಶೆ ಯುರೋಪಿಗೆ ಹೋಗಿ, ಅಲ್ಲಿಂದ ಏಷ್ಯಕ್ಕೆ ಬಂದ ಬಗೆ ಸ್ವಾರಸ್ಯದ್ದು. ಯೋಸೆಫ್ ಓಯ್ಗ್‌ಸ್ಟರ್ ಎಂಬ ಸ್ವಿಸ್ ಪಾದ್ರಿ 1970ರಲ್ಲಿ ತೈವಾನಿಗೆ ಬಂದು, ಪೂರ್ವ ಕರಾವಳಿಯ ತೈತುಂಗ್ ಪ್ರಾಂತದ ಛಾಂಗ್‌ಬಿನ್ ಎಂಬ ಊರಿನಲ್ಲಿ ನೆಲೆಸಿದರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪೆಸಿಫಿಕ್ ಸಾಗರ, ನಡುವೆ ಆಮಿಸ್ ಬುಡಕಟ್ಟಿನ ರೈತರು, ಬೆಸ್ತರು. ಪಾದ್ರಿಗೆ ಮಂಡಿನೋವು. ತಮ್ಮ ದೇಶದವರೇ ಆದ ಇನ್ನೊಬ್ಬ ಮಿಷನರಿ ಕೈಗಿತ್ತ ಪಾದಚಿಕಿತ್ಸೆಯ ಪುಸ್ತಕವೊಂದನ್ನು ನೋಡಿಕೊಂಡು ತಮ್ಮ ಕಾಲನ್ನು ತಾವೇ ಒತ್ತಿಕೊಳ್ಳತೊಡಗಿದರು. ನೋವು ಇಳಿಯಿತು ಎಂದು ಅವರಿಗೆ ಅನ್ನಿಸಿದ್ದೇ ತಡ, ಊರಿನವರ ಕಾಲನ್ನೂ ಹಿಡಿದರು. 1980ರ ದಶಕದ ಆರಂಭದ ಹೊತ್ತಿಗೆ ಇಡೀ ತೈವಾನಿನಲ್ಲಿ ಪಾದ್ರಿಯ ಹೆಸರು ಮನೆಮಾತು. ಹಳ್ಳಿಯ ಇಗರ್ಜಿಗೆ ದೂರದೂರದಿಂದ ರೋಗಿಗಳ ಸಾಲು. ಅವರ ಚೀನೀ ಹೆಸರಾದ ವು ರುವೋಶಿ ಎಂಬುದು ಒಂದು ವಿಧಾನದ ಹೆಸರೇ ಆಯಿತು. ಚೀನೀ ವೈದ್ಯದ ಮಾತು, ಸ್ವಿಸ್ ಪುಸ್ತಕದ ನಕಾಶೆ ಎರಡೂ ಕಲೆತು ಹಾಂಗ್‌ಕಾಂಗ್, ಸಿಂಗಪುರ, ಬ್ಯಾಂಕಾಕ್‌ಗಳಿಗೆ ಹರಡಿದವು. ಥಾಯ್ ಹೆಂಗಸರು ಅದಕ್ಕೆ ತಮ್ಮ ಹೆಬ್ಬೆರಳಿನ ಒತ್ತು, ಮೀನಖಂಡದ ಹಿಂಡುವಿಕೆ ಸೇರಿಸಿಕೊಂಡರು.

ತೈವಾನಿನಲ್ಲಿ ಇದರಿಂದ ಒಂದು ಜಗಳವೂ ಹುಟ್ಟಿತು. ಅಲ್ಲಿ ಕಣ್ಣು ಕಾಣದವರು ಮಾತ್ರ ಮಸಾಜ್ ವೃತ್ತಿ ಮಾಡಬಹುದೆಂಬ ಕಾನೂನಿತ್ತು. ಅವರಿಗೆಂದು ಉಳಿಸಿಕೊಟ್ಟ ಅನ್ನದ ದಾರಿ ಅದು. ಪಾದ ಒತ್ತುವುದು ಮಸಾಜ್ ಅಲ್ಲ, ಬೇರೆ ವಿದ್ಯೆ ಎಂದು ಹೇಳಿಕೊಂಡು ಕಣ್ಣಿದ್ದವರು ಅಂಗಡಿ ತೆರೆದಾಗ ಅಂಧರ ಸಂಘಗಳು ತಕರಾರು ತೆಗೆದವು. ಕೊನೆಗೆ 2008ರ ಅಕ್ಟೋಬರಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ಮೀಸಲೇ ಸಮಾನತೆಗೂ ದುಡಿಯುವ ಹಕ್ಕಿಗೂ ವಿರುದ್ಧ ಎಂದು ತೀರ್ಪಿತ್ತು, ಮೂರು ವರ್ಷದ ಗಡುವು ಕೊಟ್ಟು ಕಾನೂನನ್ನು ರದ್ದು ಮಾಡಿತು. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿಯೇ ಇರಬಹುದು. ಆದರೆ ಮೀಸಲು ಹೋದ ಮೇಲೆ ಕಣ್ಣಿಲ್ಲದವರು ಕಣ್ಣಿದ್ದವರ ಜೊತೆ ಗಿರಾಕಿಗಾಗಿ ಪೈಪೋಟಿಗೆ ಇಳಿಯಬೇಕಾಯಿತು. ಥಾಯ್ಲೆಂಡಿನಲ್ಲಿ ಅಂಥ ಕಾನೂನಿಲ್ಲ. ಆದರೂ ಅಂಧರೇ ನಡೆಸುವ ಮಸಾಜ್ ಕೇಂದ್ರಗಳು ಅಲ್ಲಿಯ ಹಲವು ಊರುಗಳಲ್ಲಿವೆ. ಒತ್ತುವ ಕೈಯ ಹದ ಅವರದೇ ಎಂದು ಹುಡುಕಿಕೊಂಡು ಹೋಗುವ ಗಿರಾಕಿಗಳೂ ಇದ್ದಾರೆ.

ಗುಣವಾಗುವುದೆಷ್ಟು?

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿದ್ದ ಎಡ್ಜಾರ್ಡ್ ಅರ್ನ್ಸ್ಟ್ 2009ರಲ್ಲಿ ಅದುವರೆಗೆ ನಡೆದ 18 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಾದಚಿಕಿತ್ಸೆಯಿಂದ ಯಾವುದೇ ಕಾಯಿಲೆ ಗುಣವಾಗುತ್ತದೆ ಎಂದು ನಂಬಲು ತಕ್ಕ ಪುರಾವೆ ಇಲ್ಲ ಎಂಬುದು ಅವರು ಕಂಡ ಫಲ. ಇನ್ನೊಂದು ಪರೀಕ್ಷೆ, 2000ದಲ್ಲಿ ಪ್ರಕಟವಾದದ್ದು, ನಕಾಶೆಯ ಬುಡಕ್ಕೇ ಕೈಹಾಕಿತ್ತು. ಆರು ಬಗೆಯ ಕಾಯಿಲೆಗಳಲ್ಲಿ ಒಂದಾದರೂ ಇದ್ದವರ ಪಾದಗಳನ್ನು ಇಬ್ಬರು ನುರಿತ ಪಾದಚಿಕಿತ್ಸಕರಿಗೆ ಕೊಟ್ಟರು. ರೋಗಿಯ ಹಿನ್ನೆಲೆ ತಿಳಿಸಲಿಲ್ಲ, ಮಾತಿಗೂ ಅವಕಾಶ ಕೊಡಲಿಲ್ಲ. ಯಾರಿಗೆ ಯಾವ ಕಾಯಿಲೆ ಎಂದು ಅಂಗಾಲು ಒತ್ತಿ ಹೇಳುವುದು ಅವರಿಂದಾಗಲಿಲ್ಲ. ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಗಲಿಲ್ಲ.

ಹಾಗೆಂದು ಅಂಗಡಿಯಿಂದ ಹೊರಬಂದವನ ಹಗುರ ಮುಖವನ್ನು ಸುಳ್ಳು ಎನ್ನುವಂತಿಲ್ಲ. ಅಮೆರಿಕದಲ್ಲಿ ಮುಂದುವರಿದ ಸ್ತನ ಕ್ಯಾನ್ಸರಿನ 385 ಮಹಿಳೆಯರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪಾದ ಒತ್ತಿಸಿಕೊಂಡವರಿಗೆ ಉಸಿರಾಟದ ಕಷ್ಟ ಕಡಿಮೆಯಾಗಿತ್ತು, ಓಡಾಟ ಸುಧಾರಿಸಿತ್ತು. ನೋವು, ವಾಕರಿಕೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಆರೆಗಾನಿನಲ್ಲಿ 60 ದಾಟಿದ 108 ಜನರಲ್ಲಿ ಕೆಲವರನ್ನು ಉರುಟು ಕಲ್ಲಿನ ಚಾಪೆಯ ಮೇಲೆ, ಉಳಿದವರನ್ನು ಸಾದಾ ನೆಲದ ಮೇಲೆ 16 ವಾರ ನಡೆಸಿದರು. ಕಲ್ಲಿನ ಮೇಲೆ ನಡೆದವರ ಸಮತೋಲ ಹೆಚ್ಚಿತ್ತು, ರಕ್ತದೊತ್ತಡ ಇಳಿದಿತ್ತು ಎಂದು 2005ರಲ್ಲಿ ವರದಿಯಾಯಿತು. ಉರುಟು ಕಲ್ಲು ಹಾಸಿದ ಹಾದಿಗಳು ತೈಪೆ, ಸಿಂಗಪುರಗಳ ಉದ್ಯಾನಗಳಲ್ಲಿ ಬಹಳ ಹಿಂದಿನಿಂದ ಇವೆ. ನಮ್ಮ ಕಡೆಯ ಕೆಲವು ಉದ್ಯಾನಗಳಿಗೂ ಬಂದಿವೆ. ಅಲ್ಲಿ ಕೆಲಸ ಮಾಡುವುದು ಮೂತ್ರಪಿಂಡದ ಬಿಂದುವಲ್ಲ, ಎಡವದಂತೆ ಹೆಜ್ಜೆಯಿಡುವ ಎಚ್ಚರ ಎಂದು ತಿಳಿಯುವುದೇ ಹೆಚ್ಚು ಸರಿ.

ಆದ್ದರಿಂದ ಆ ಕುರ್ಚಿಯಿಂದ ದಣಿವು ಇಳಿಯುವುದನ್ನು ನಿರೀಕ್ಷಿಸಬಹುದು. ನಿದ್ದೆಯನ್ನು ನಿರೀಕ್ಷಿಸಬಹುದು. ಒಂದು ತಾಸು ಇನ್ನೊಬ್ಬರು ನಮ್ಮನ್ನು ನೋಡಿಕೊಂಡರು ಎಂಬ ಸಮಾಧಾನ ಸಣ್ಣದಲ್ಲ, ವಯಸ್ಸಾದವರಿಗೆ ಅದು ಊರಿನಲ್ಲಿ ಸಿಗುವುದೂ ಕಡಿಮೆ. ಆದರೆ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮದ್ದು ಬಿಡಬಹುದೆಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬರಬೇಕು. ಅಂಗಾಲಿನಲ್ಲಿ ಕಾಯಿಲೆ ಕಂಡಿತೆಂದು ಹೇಳಿದರೆ ಊರಿಗೆ ಬಂದು ರಕ್ತಪರೀಕ್ಷೆ ಮಾಡಿಸಬೇಕೇ ಹೊರತು, ಹತ್ತು ಕಂತಿನ ಚಿಕಿತ್ಸೆಗೆ ಮುಂಗಡ ಕೊಡಬಾರದು.

ಅದಕ್ಕಿಂತ ದೊಡ್ಡ ಎಚ್ಚರ ಇನ್ನೊಂದಿದೆ, ಅದನ್ನು ಅಂಗಡಿಯ ಫಲಕದಲ್ಲಿ ಬರೆದಿರುವುದಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ಪಾದದ ನರಗಳು ಸೊರಗುತ್ತವೆ. ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ, ಮುಳ್ಳು ಹೊಕ್ಕಿದ್ದು ತಿಳಿಯುವುದಿಲ್ಲ. ಈ ಇಡೀ ವಿದ್ಯೆ ನಿಂತಿರುವುದು 'ಜೆಪ್ ಮಯ್?' ಎಂಬ ಒಂದು ಪ್ರಶ್ನೆಯ ಮೇಲೆ. ನೋವೇ ಗೊತ್ತಾಗದ ಕಾಲಿನ ಯಜಮಾನ ಅದಕ್ಕೆ ಏನು ಉತ್ತರ ಕೊಟ್ಟಾನು? ನೀರು ಸುಡುವುದೂ, ಕಡ್ಡಿಯಿಂದ ಚರ್ಮ ತರಚುವುದೂ ಅವನಿಗೆ ಅರಿವಾಗುವುದಿಲ್ಲ. ತರಚಿದ್ದು ಹುಣ್ಣಾಗುತ್ತದೆ, ಹುಣ್ಣು ಮಾಯುವುದಿಲ್ಲ, ಕೊನೆಗೆ ಬೆರಳು ತೆಗೆಯುವ ತನಕ ಹೋದ ಪಾದಗಳನ್ನು ಯಾವ ಊರಿನ ಶಸ್ತ್ರವೈದ್ಯರನ್ನು ಕೇಳಿದರೂ ಹೇಳಿಯಾರು. ಇಂಥವರು ಮೊದಲೇ ಹೇಳಿಕೊಂಡು, ಕಡ್ಡಿ ಬೇಡ, ಬಿಸಿನೀರು ಬೇಡ, ಬರಿಗೈಯಲ್ಲಿ ಸವರಿದರೆ ಸಾಕು ಎನ್ನಬೇಕು. ಗಾಯವಿದ್ದರೆ ಅದೂ ಬೇಡ. ಒಂದೇ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಹಿಂಡಿಸಿಕೊಳ್ಳುವುದು ಜೀವಕ್ಕೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಕಡ್ಡಿಯ ಒತ್ತಿಗೆ ಚರ್ಮ ನೀಲಿಗಟ್ಟುತ್ತದೆ. ಉಬ್ಬಿದ ನರಗಳಿರುವವರು, ಬಸುರಿಯರು ಬಾಯಿಬಿಟ್ಟು ಹೇಳಲೇಬೇಕು. ಭಾಷೆ ಬಾರದಿದ್ದರೆ ತಂಡದ ಮಾರ್ಗದರ್ಶಿಯಿಂದ ಒಂದು ಚೀಟಿಯಲ್ಲಿ ಥಾಯ್ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಬಹುದು.

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ, ನಾಲ್ಕು ತಾಸಿನೊಳಗಿನ ಹಾದಿ. ವಾಟ್ ಫೋ ಅರಮನೆಯ ತೆಂಕಣ ಮಗ್ಗುಲಿಗಿದೆ. ಚಾವೋ ಫ್ರಾಯ ನದಿಯ ದೋಣಿಯಲ್ಲಿ ಬಂದು ತಾ ತಿಯೆನ್ ಕಟ್ಟೆಯಲ್ಲಿ ಇಳಿದರೆ ಐದು ನಿಮಿಷದ ನಡಿಗೆ. 2019ರಿಂದ ಸನಂ ಚಾಯ್ ನಿಲ್ದಾಣದ ತನಕ ನೆಲದಡಿಯ ರೈಲೂ ಇದೆ. ಬೆಳಗ್ಗೆ ಬೇಗ ಹೋಗಿ ಗುಡಿ ನೋಡಿ, ಅರಮನೆಯನ್ನೂ ಸುತ್ತಿ, ಕಾಲು ಸೋತ ಮೇಲೆ ಮಸಾಜಿಗೆ ಕೂರುವುದು ಜಾಣತನ. ತುಂಬಿದ ಹೊಟ್ಟೆಯಲ್ಲಿ ಬೇಡ. ಮುಗಿದ ಮೇಲೆ ಒತ್ತಿದಾಕೆಯ ಕೈಗೆ ಒಂದಿಷ್ಟು ಬಾಟ್ ಇಡುವ ರೂಢಿಯಿದೆ, ಅದನ್ನು ತಪ್ಪಿಸಬಾರದು. ಬೀದಿಯ ಅನೇಕ ಅಂಗಡಿಗಳಲ್ಲಿ ಅವರಿಗೆ ತಿಂಗಳ ಸಂಬಳವಿಲ್ಲ, ಗಿರಾಕಿಯ ಲೆಕ್ಕದಲ್ಲಿ ಪಾಲು. ಗಿರಾಕಿ ಬರದ ದಿನ ಬರಿಗೈ. ದಿನವೂ ಒತ್ತಿ ಒತ್ತಿ ಅವರ ಹೆಬ್ಬೆರಳು, ಮಣಿಕಟ್ಟುಗಳು ನೋಯುತ್ತವೆ. ಯುನೆಸ್ಕೋ 2019ರ ಡಿಸೆಂಬರಿನಲ್ಲಿ ಥಾಯ್ ಅಂಗಮರ್ದನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ದೇಶ ಸಂಭ್ರಮಿಸಿತು. ಆ ಗೌರವದಲ್ಲಿ ಈ ಹೆಬ್ಬೆರಳುಗಳಿಗೆ ಸಲ್ಲಬೇಕಾದ ಪಾಲು ದೊಡ್ಡದು.

ಕಲಿಯುವ ಹಂಬಲವಿದ್ದವರಿಗೆ ವಾಟ್ ಫೋದ ಶಾಲೆ ಪಾದದ ಮಸಾಜಿನ 30 ತಾಸಿನ ತರಗತಿ ನಡೆಸುತ್ತದೆ. ಐದು ದಿನದ ಪಾಠ. ವಿದ್ಯಾರ್ಥಿಗಳು ಜೋಡಿ ಜೋಡಿಯಾಗಿ ಕೂತು ಒಬ್ಬರ ಕಾಲನ್ನು ಇನ್ನೊಬ್ಬರು ಒತ್ತಿ ಕಲಿಯುತ್ತಾರೆ, ದೇಶವಿದೇಶದವರೆಲ್ಲ ಬರುತ್ತಾರೆ. ಕಡೆಯಲ್ಲಿ ಒಂದು ಪ್ರಮಾಣಪತ್ರ ಸಿಗುತ್ತದೆ. ಊರಿಗೆ ಮರಳಿ ಅಪ್ಪ ಅಮ್ಮನ ಕಾಲು ಒತ್ತಲು ಅದು ಧಾರಾಳ ಸಾಕು. ಬೋರ್ಡು ಹಾಕಿ ಕೂರಲು ಸಾಲದು.